ಸೀರೆ ಕೊಟ್ಟು ತಂದ ಬೋಗುಣಿ

ಡಿಸೆಂಬರ್ ೯, ಮಂಗಳವಾರ. ಜಮಖಂಡಿ.

ಇವತ್ತೂ ಇಡೀ ದಿನ ಇನ್ನೊಬ್ಬರ ಕೆಲಸದಲ್ಲೇ ಹೋಯಿತು. ನಾದಿನಿಯ ಮಗನ ಸ್ವೆಟರಿಗೆ ಒಂದು ತೋಳು ಬಾಕಿ ಇದೆ. ಪಕ್ಕದ ಮನೆಯವರ ಸೀರೆಗೆ ಇನ್ನೂ ಫಾಲ್ ಹಚ್ಚಿಲ್ಲ. ಅತ್ತೆಯ ಭಜನಾ ಮಂಡಳಿಗೆ ತೋರಣ ಬೇರೆ ಹೆಣೆಯಬೇಕು. ಎಲ್ಲ ಮುಗಿದ ಮೇಲೆ ನನ್ನ ಕೌದಿ ಹಿಡಿಯೋಣ ಎಂದುಕೊಂಡಿದ್ದೆ. ಹೊದೆಯುವ ಆ ಕೌದಿಗೆ ಜೋಡಿಸಿ ಹೊಲಿಯಲು ಇಟ್ಟಿದ್ದು, ತೀರಿಹೋದ ಅವ್ವ ಉಟ್ಟು ಉಟ್ಟು ಮೆತ್ತಗಾದ ಸೀರೆಗಳು. ತವರುಮನೆ ಲೋಕಾಪುರದಿಂದ ತಂದ ಆ ಸೀರೆಗಳ ಗಂಟು ಹೊಲಿಗೆ ಯಂತ್ರದ ಕೆಳಗೇ ಇತ್ತು.

ತೋರಣಕ್ಕೆ ನೂಲು ತರಲು ಬನಹಟ್ಟಿಗೆ ಹೋಗಿ ಬರುವಷ್ಟರಲ್ಲಿ, ಹಳೇ ಬಟ್ಟೆಗೆ ಪಾತ್ರೆ ಕೊಡುವವಳಿಗೆ ಅತ್ತೆ ಆ ಗಂಟು ಕೊಟ್ಟುಬಿಟ್ಟಿದ್ದರು.

"ಮೂಲ್ಯಾಗ ಸುಮ್ನ ಬಿದ್ದಿದ್ವು. ನೀ ಎಲ್ಲಿ ಹೊಲೀತಿದ್ದಿ? ಎಂಥಾ ಛಲೋ ಬೋಗುಣಿ ಬಂತು ನೋಡ!"

ಓಣಿಯ ತುದಿಯವರೆಗೆ ಓಡಿದೆ. ಅವಳು ಹೋಗಿಯಾಗಿತ್ತು. ರಾತ್ರಿಯ ಸಾರನ್ನು ನನ್ನ ಕೈಯಿಂದಲೇ ಆ ಹೊಸ ಬೋಗುಣಿಯಲ್ಲಿ ಮಾಡಿಸಿದರು. ನಾನೂ ಮಾಡಿದೆ, ಅದಕ್ಕೇ ನನ್ನ ಮೇಲೇ ಸಿಟ್ಟು ಬರುತ್ತಿದೆ.

ಊಟಕ್ಕೆ ಕೂತಾಗ ಅತ್ತೆ, "ಬೋಗುಣಿ ಮ್ಯಾಲ ಹೆಸರ ಹಾಕಸೂಣು. ಯಾರದ ಹಾಕಸೂಣು ಹೇಳ" ಎಂದರು.

ನಾನು ಅವ್ವನ ಹೆಸರು ಹೇಳಿದೆ.

"ಅಕಿ ಯಾರ?" ಎಂದು ಕೇಳಿದರು.