ವಜೀರ್ ಸಾಬರ ಸ್ಲೇಟು

ತರೀಕೆರೆ,
೧೪ ಡಿಸೆಂಬರ್ ೨೦೦೮

ಚೌಳಹಿರಿಯೂರಿನಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿರುವ ಗೆಳೆಯ ರುದ್ರಮೂರ್ತಿಗೆ ನಿನ್ನ ವಜೀರನ ಸಲಾಂ. ಅದು ಸಾಲದಿದ್ದರೆ ನಮಸ್ಕಾರವನ್ನೂ ಸೇರಿಸಿಕೋ.

ಕಾಲು ಹೇಗಿದೆ? ಈ ವಯಸ್ಸಿನಲ್ಲಿ ತೋಟದ ಕಾಲುವೆ ಹಾರಲು ಹೋದೆಯಂತೆ. ಬೀರೂರಿನ ಸ್ಕೂಲಿನಲ್ಲಿ ಉದ್ದ ಜಿಗಿತಕ್ಕೆ ನಿಂತಾಗ ಎಲ್ಲರಿಗಿಂತ ಹಿಂದೆ ಬೀಳುತ್ತಿದ್ದವನು ನೀನೇ ಎಂಬುದು ನನಗಿನ್ನೂ ನೆನಪಿದೆ. ನಿನಗೆ ಹೇಗೆ ಮರೆತುಹೋಯಿತೋ ಗೊತ್ತಿಲ್ಲ. ಮಗಳು ಬುಷ್ರಾಳ ಮದುವೆಗೆ ನೀನು ಬರಲಿಲ್ಲವೆಂಬ ಸಿಟ್ಟು ನನ್ನಲ್ಲಿ ಇನ್ನೂ ಇಳಿದಿಲ್ಲ. ಕಾಲು ಮುರಿದುಕೊಂಡವರ ಮೇಲೆ ಸಿಟ್ಟು ಮಾಡಬಾರದೆಂದು ಮೆಹರುನ್ನೀಸಾ ಹೇಳುತ್ತಾಳೆ. ಅವಳಿಗೇನು, ನನ್ನಂಥವನ ಜೊತೆ ಬಾಳಿ ಅಭ್ಯಾಸವಾಗಿದೆ. ಬೇರೆಯವರಾಗಿದ್ದರೆ ಫೋನು ಮಾಡಿ ಮದುವೆ ಕಥೆ ಹೇಳಿ ಮುಗಿಸುತ್ತಿದ್ದರು. ನನಗೆ ಕಾಗದವೇ ಗತಿ. ನಾನು ಕೂತು ಬರೆಯುತ್ತೇನೆ, ನೀನು ಮಲಗಿಕೊಂಡೇ ಓದು.

ಮದುವೆ ಕಥೆಗೆ ಮೊದಲು ನಿನ್ನ ಮಗಳು ನಿಖಿತಾಳಿಗೆ ಒಂದು ವರದಿ ಒಪ್ಪಿಸಬೇಕು. ಅವಳು ಕೊಟ್ಟ ಪಿಡಿಎ, ಅದೇ ಆ ಅಂಗೈ ಕಂಪ್ಯೂಟರು, ಹೇಗೆ ನಡೆಯುತ್ತಿದೆ ಎಂದು ಬುಷ್ರಾಳಿಗೆ ಫೋನು ಮಾಡಿ ಎಷ್ಟೋ ಸಲ ವಿಚಾರಿಸಿದ್ದಳಂತೆ. ಚೆನ್ನಾಗಿದೆ ಅಕ್ಕಾ ಎಂದು ಇವಳು ಒಂದೇ ಮಾತಿನಲ್ಲಿ ಮುಗಿಸಿದ್ದಾಳೆ. ಅಷ್ಟು ಸಾಲದು. ಆ ಯಂತ್ರದ ಯಜಮಾನ ನಾನು, ಅದನ್ನು ಹೊಗಳುವ ಹಕ್ಕು ನನ್ನದು. ಆದ್ದರಿಂದ ಈ ಭಾಗವನ್ನು ಅವಳಿಗೆ ಗಟ್ಟಿಯಾಗಿ ಓದಿ ಹೇಳು.

ಎರಡು ವರ್ಷದ ಹಿಂದೆ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ತಂದೆಯಲ್ಲ, ನಿನಗೆ ನೆನಪಿರಬೇಕು. ಅಂಗೈಯಷ್ಟು ಅಗಲ, ಎದುರಿಗೆಲ್ಲ ಗಾಜು, ಬೆನ್ನಿನ ಸಂದಿಯಲ್ಲಿ ಒಂದು ಕಡ್ಡಿ. ನಿಖಿತಾಳಿಗೆ ಅವಳ ಕಂಪನಿಯವರು ಕೊಟ್ಟದ್ದು, ಹೊಸ ಫೋನು ಬಂದ ಮೇಲೆ ಅಟ್ಟ ಸೇರಬೇಕಾಗಿದ್ದದ್ದು. ಅದನ್ನು ನೋಡಿ ನಾನು ತುಟಿ ಅಲುಗಿಸಿ ಏನೋ ಹೇಳಿದೆ. ಅಬ್ಬಾ ಥ್ಯಾಂಕ್ಸ್ ಹೇಳ್ತಿದ್ದಾರೆ ಎಂದು ಬುಷ್ರಾ ನಿನಗೆ ತಿಳಿಸಿದಳು. ನಾನು ಹೇಳಿದ್ದು ಅದಲ್ಲ ಕಣೋ. ಮಾತು ಬಾರದವನಿಗೆ ಮಾತು ಬಾರದ ಯಂತ್ರ ತಂದು ತಮಾಷೆ ಮಾಡ್ತೀಯೇನೋ ಎಂದಿದ್ದೆ. ಅದರ ಹಿಂದೆ ಮುಂದೆ ಇನ್ನೆರಡು ಮಾತು ಸೇರಿಸಿದ್ದೆ, ಅವನ್ನು ಕಾಗದದಲ್ಲಿ ಬರೆಯುವಂತಿಲ್ಲ.

ಆಗ ನನ್ನ ಸ್ಥಿತಿ ಹಾಗಿತ್ತು. ಗಂಟಲಿನ ಗಡ್ಡೆ ತೆಗೆಯುವಾಗ ಡಾಕ್ಟರು ಧ್ವನಿಪೆಟ್ಟಿಗೆಯನ್ನೂ ತೆಗೆದಿದ್ದರು. ಜೀವ ಉಳಿಯಿತು, ಅದಕ್ಕೆ ಖುದಾನಿಗೂ ಡಾಕ್ಟರಿಗೂ ಶುಕ್ರಿಯಾ. ಆದರೆ ತರೀಕೆರೆಯ ಪ್ರೈವೇಟ್ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟಾಗಿದ್ದವನಿಗೆ ಧ್ವನಿಯೇ ಅನ್ನ. ಅಜ್ಜಂಪುರ, ಶಿವನಿ, ಹೊಸದುರ್ಗ ಎಂದು ನಾನು ಕೂಗಿದರೆ ಕೋಡಿ ಕ್ಯಾಂಪಿನಲ್ಲಿ ಟೀ ಕುಡಿಯುತ್ತಿದ್ದವರು ಲೋಟ ಇಟ್ಟು ಓಡಿ ಬರುತ್ತಿದ್ದರು. ಆ ಗಂಟಲು ಹೋದ ಮೇಲೆ ಬಸ್ ಮಾಲೀಕರು ಕೈಬಿಡಲಿಲ್ಲ, ಬಸ್ಸುಗಳ ಟೈಮು ನೋಡುವ ಕೆಲಸ ಕೊಟ್ಟರು. ಟೈಮು ನೋಡುವುದೇನೋ ಸರಿ, ಹೊರಡಲು ಒಲ್ಲದ ಡ್ರೈವರನ್ನು ಬಾಯಿಲ್ಲದೆ ಹೊರಡಿಸುವುದು ಹೇಗೆ?

ಆ ಮೊದಲ ವರ್ಷವೆಲ್ಲ ಬುಷ್ರಾಳೇ ನನ್ನ ಬಾಯಿ. ಆಸ್ಪತ್ರೆಯ ಮಂಚದ ಪಕ್ಕ ಕೂತು ನನ್ನ ತುಟಿ ಓದುವುದನ್ನು ಕಲಿತಿದ್ದಳು. ಮೆಹರುನ್ನೀಸಾಳಿಗೂ ಅದು ಸರಿಯಾಗಿ ಹಿಡಿಯಲಿಲ್ಲ. ಕಾಲೇಜು ಬಿಟ್ಟ ಕೂಡಲೇ ಬುಷ್ರಾ ಬ್ಯಾಗು ಹೆಗಲಿಗೆ ಹಾಕಿಕೊಂಡು ಸ್ಟ್ಯಾಂಡಿಗೆ ಬಂದು ನನ್ನ ಕುರ್ಚಿಯ ಪಕ್ಕ ನಿಲ್ಲುತ್ತಿದ್ದಳು. ಆದರೆ ಒಂದು ತೊಂದರೆ ಇತ್ತು. ನನ್ನ ಮಾತನ್ನು ಅವಳು ಇದ್ದ ಹಾಗೆ ಹೇಳುತ್ತಿರಲಿಲ್ಲ, ತೊಳೆದು ಇಸ್ತ್ರಿ ಹಾಕಿ ಕೊಡುತ್ತಿದ್ದಳು. ಡ್ರೈವರ್ ನಾಗೇಶನ ಏಳು ತಲೆಮಾರನ್ನು ನಾನು ನೆನೆದರೆ, ನಾಗೇಶಣ್ಣಾ, ಸ್ವಲ್ಪ ಬೇಗ ಹೊರಡ್ಬೇಕಂತೆ ಎನ್ನುತ್ತಿದ್ದಳು. ನಾನು ಕೆಂಗಣ್ಣು ಬಿಟ್ಟುಕೊಂಡು ನಿಂತಿದ್ದರೂ ನಾಗೇಶ ನನಗೆ ಕೈ ಮುಗಿದು ನಗುತ್ತಾ ಹೋಗುತ್ತಿದ್ದ. ಫೋನಿನಲ್ಲಿ ನೀನು ಕೇಳುತ್ತಿದ್ದದ್ದೂ ಅದೇ ಇಸ್ತ್ರಿ ಹಾಕಿದ ವಜೀರನನ್ನು. ಹುಡುಗಿ ಓದುವುದು ಬಿಟ್ಟು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುತ್ತಾಳಲ್ಲ ಎಂದು ನಮ್ಮ ದೊಡ್ಡಣ್ಣ ಬೇಜಾರು ಮಾಡಿಕೊಂಡಿದ್ದ. ಬೇಜಾರು ನನಗೂ ಇತ್ತು. ಒಂದು ಹೆಣ್ಣುಮಗುವಿನ ಪ್ರಾಯವನ್ನು ನಾನು ಕೂತಲ್ಲೇ ತಿನ್ನುತ್ತಿದ್ದೇನೆ ಎನ್ನಿಸುತ್ತಿತ್ತು.

ಅದನ್ನು ತಪ್ಪಿಸಿದ್ದು ಈ ಯಂತ್ರ. ಮೊದಲ ವಾರ ಅದು ಕಪಾಟಿನಲ್ಲಿ ಬಿದ್ದಿತ್ತು. ಒಂದು ದಿನ ಬುಷ್ರಾ ಅದನ್ನು ತೆಗೆದು, ಒಂದು ಖಾಲಿ ಪುಟ ತೋರಿಸಿ, ಕಡ್ಡಿಯನ್ನು ನನ್ನ ಕೈಗೆ ಕೊಟ್ಟಳು. ಗಾಜಿನ ಮೇಲೆ ನನ್ನ ಹೆಸರು ಬರೆದೆ. ನನ್ನದೇ ಕೋಳಿಕಾಲಿನ ಅಕ್ಷರ, ಹಾಗೆಯೇ ಮೂಡಿತು. ಮೂಲೆಯಲ್ಲಿ ಮುಟ್ಟಿದರೆ ಅಳಿಸಿ ಹೋಯಿತು, ಮತ್ತೆ ಬರೆದೆ. ಒಂದನೇ ಕ್ಲಾಸಿನಲ್ಲಿ ನನ್ನ ಸ್ಲೇಟಿನ ಮೇಲೆ ನೀನು ಎಂಜಲು ಹಚ್ಚಿ ಒರೆಸಿದ್ದು ನೆನಪಾಗಿ ನಗು ಬಂತು. ಅವತ್ತಿನಿಂದ ಅದು ನನ್ನ ಸ್ಲೇಟು. ಸ್ಟ್ಯಾಂಡಿನಲ್ಲಿ ಎಲ್ಲರ ಬಾಯಲ್ಲೂ ಅದು ಸಾಬರ ಸ್ಲೇಟೇ.

ಅದಕ್ಕೆ ಕನ್ನಡ ಬಾರದು ಎಂದು ನಿಖಿತಾ ಮೊದಲೇ ಎಚ್ಚರಿಸಿದ್ದಳು. ನಿಜ, ಬಾರದು. ಆದರೆ ಕನ್ನಡ ಬರೆದರೆ ಬೇಡ ಅನ್ನುವುದೂ ಇಲ್ಲ. ನಮ್ಮ ಮನೆ ಮಾತು ಬೇರೆಯಾದರೂ ನನಗೆ ಬರೆಯಲು ಬರುವುದು ಬೀರೂರಿನ ಮೇಷ್ಟ್ರು ಕಿವಿ ಹಿಂಡಿ ಕಲಿಸಿದ ಕನ್ನಡ ಒಂದೇ. ಬಿಸಿಲಿನಲ್ಲೂ ಅಕ್ಷರ ಕಾಣುತ್ತದೆ, ಕತ್ತಲಾದರೆ ಹಸಿರು ಬೆಳಕು ಬರುತ್ತದೆ. ಬಸ್ಸುಗಳ ಟೈಮನ್ನೆಲ್ಲ ಬುಷ್ರಾ ಅದರೊಳಗೆ ತುಂಬಿಸಿಕೊಟ್ಟಳು. ಹೊರಡುವ ಹೊತ್ತಿಗೆ ಅದು ಕೀ ಕೀ ಎಂದು ಕೂಗುತ್ತದೆ. ನಾನು ಎದ್ದು ಹೋಗಿ ಡ್ರೈವರನ ಮೂಗಿನ ಮುಂದೆ ಹಿಡಿಯುತ್ತೇನೆ. ನಾಗೇಶ ಮೊದಲ ಸಲ ಅದರಲ್ಲಿ ನಾನು ಬರೆದದ್ದನ್ನು ಓದಿ, ಸಾಬ್ರೆ, ನಿಮ್ ಮಗಳು ಹೇಳೋವಾಗ ನೀವು ಎಷ್ಟ್ ಒಳ್ಳೇವ್ರಾಗಿದ್ರಿ ಎಂದ. ಜನ ಈಗ ನನ್ನ ಕುರ್ಚಿಯ ಹತ್ತಿರ ಬಂದು ಕೇಳುತ್ತಾರೆ, ನಾನು ಬರೆದು ತೋರಿಸುತ್ತೇನೆ. ಓದಲು ಬಾರದ ಮುದುಕಿಯರಿಗೆ ಬಸ್ಸಿನ ಬಣ್ಣವನ್ನು ಕೈ ಮಾಡಿ ತೋರಿಸುತ್ತೇನೆ, ಜೊತೆಗೆ ಹೂವೋ ಹಕ್ಕಿಯೋ ಒಂದು ಚಿತ್ರ ಬರೆದು ನಗಿಸುತ್ತೇನೆ. ಬುಷ್ರಾ ಸ್ಟ್ಯಾಂಡಿಗೆ ಬರುವುದು ನಿಂತಿತು. ಡಿಗ್ರಿಯಲ್ಲಿ ಪಾಸಾದಳು. ಇಷ್ಟು ದೊಡ್ಡ ಉಪಕಾರವನ್ನು ಇಷ್ಟು ಸಣ್ಣ ವಸ್ತು ಮಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅದರ ಒಂದೇ ಒಂದು ದೋಷವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಬರೀ ಮುಖಸ್ತುತಿ ಆದೀತು. ಹೊಟ್ಟೆ ಖಾಲಿಯಾದರೆ ಅದು ಎಲ್ಲವನ್ನೂ ಮರೆಯುತ್ತದೆ. ಹೋದ ಮಳೆಗಾಲದಲ್ಲಿ ಕರೆಂಟು ಹೋಗಿ ದಿನಗಟ್ಟಲೆ ಬರದಿದ್ದಾಗ ಒಳಗಿದ್ದ ಟೈಮೆಲ್ಲ ಅಳಿಸಿ ಹೋಯಿತು. ಬುಷ್ರಾ ಗೊಣಗದೆ ಮತ್ತೆ ತುಂಬಿಸಿದಳು. ಬ್ಯಾಟರಿಗೂ ವಯಸ್ಸಾಗಿದೆ, ದಿನಾ ಅದರ ಪೀಠದ ಮೇಲೆ ಕೂರಿಸಿ ಕರೆಂಟು ಉಣಿಸಬೇಕು. ನನಗೂ ಹೊತ್ತಿಗೆ ಸರಿಯಾಗಿ ಊಟ ಕೊಡದಿದ್ದರೆ ಏನೂ ನೆನಪಿರುವುದಿಲ್ಲ ಎಂದು ಮೆಹರುನ್ನೀಸಾ ಸ್ಲೇಟಿನ ಪರ ವಾದ ಮಾಡುತ್ತಾಳೆ.

ಈಗ ಮದುವೆಗೆ ಬರುತ್ತೇನೆ. ಹುಡುಗ ಮುಬಶೀರ್ ಕಡೂರಿನವನು, ಬೈಕ್ ರಿಪೇರಿ ಅಂಗಡಿ ಇದೆ, ಮಾತು ಕಡಿಮೆ, ಕೈ ಚುರುಕು. ಬುಷ್ರಾಳಿಗೆ ಹಿಡಿಸಿದ. ನಮ್ಮಲ್ಲಿ ನಿಕಾಹ್‌ಗೆ ಮುಂಚೆ ಹುಡುಗಿಯ ಕಡೆಯ ಹಿರಿಯರೊಬ್ಬರು, ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಅವಳಿರುವ ರೂಮಿಗೆ ಹೋಗಿ, ಇಂಥವರ ಜೊತೆ ನಿಕಾಹ್‌ಗೆ ನಿನ್ನ ಒಪ್ಪಿಗೆ ಇದೆಯೇ ಎಂದು ಕೇಳಬೇಕು ಎಂಬುದು ನಿನಗೆ ಗೊತ್ತು. ಆ ಪ್ರಶ್ನೆಯನ್ನು ನಾನೇ ಕೇಳಬೇಕೆಂದು ಅವಳು ಹುಟ್ಟಿದಾಗಿನಿಂದ ಅಂದುಕೊಂಡಿದ್ದೆ. ಮದುವೆಯ ಹಿಂದಿನ ದಿನ ದೊಡ್ಡಣ್ಣ ಬಂದು, ನಿನಗ್ಯಾಕೆ ಕಷ್ಟ, ಆ ಕೆಲಸ ನಾನು ಮಾಡುತ್ತೇನೆ ಎಂದ. ಪ್ರೀತಿಯಿಂದಲೇ ಅಂದದ್ದು. ಆದರೆ ನಾನು ಒಪ್ಪುವುದು ಹೇಗೆ? ಕಂಡವರ ಬಸ್ಸಿಗೆಲ್ಲ ಗಂಟಲು ಹರಿದುಕೊಂಡು ಕೂಗಿದವನು, ಸ್ವಂತ ಮಗಳಿಗೆ ಒಂದೇ ಒಂದು ಪ್ರಶ್ನೆ ಕೇಳಲಾರದೆ ಗೋಡೆಗೊರಗಿ ನಿಲ್ಲಬೇಕೇ? ಒಳಗಿದ್ದ ಬುಷ್ರಾ ಬಾಗಿಲಿಗೆ ಬಂದು ಹೇಳಿದಳು:

"ದೊಡ್ಡಬ್ಬಾ, ಬೇಜಾರ್ ಮಾಡ್ಕೋಬೇಡಿ. ಅಬ್ಬಾನೇ ಕೇಳ್ಬೇಕು. ಬೇರೆ ಯಾರ್ ಕೇಳಿದ್ರೂ ನಾನು ಬಾಯ್ ಬಿಡಲ್ಲ."

ಮದುವೆ ಮನೆಯಲ್ಲಿ ಹುಡುಗಿ ಬಾಯಿ ಬಿಡದಿದ್ದರೆ ಏನಾಗುತ್ತದೆಂದು ನಿನಗೆ ಹೇಳಬೇಕಾಗಿಲ್ಲ. ದೊಡ್ಡಣ್ಣ ನೇರವಾಗಿ ಮೌಲ್ವಿ ಸಾಹೇಬರ ಹತ್ತಿರ ಹೋದ, ನಾನೂ ಹಿಂದೆಯೇ ಹೋದೆ. ಅವರು ನನ್ನ ಸ್ಲೇಟನ್ನು ತಿರುಗಿಸಿ ಮುರುಗಿಸಿ ನೋಡಿದರು. ಮಾತು ಹೋದವನಿಗೆ ಬರಹವೇ ಮಾತು, ಧಾರಾಳವಾಗಿ ಕೇಳಲಿ ಎಂದರು. ಒಬ್ಬ ಸಾಕ್ಷಿಗೆ ಕನ್ನಡ ಓದಲು ಬಾರದು ಎಂದು ಅಣ್ಣ ನೆನಪಿಸಿದಾಗ, ಹುಡುಗಿಯೇ ಗಟ್ಟಿಯಾಗಿ ಓದಿ ಉತ್ತರ ಹೇಳಲಿ, ಇಬ್ಬರೂ ಕೇಳಿಸಿಕೊಳ್ಳಲಿ ಎಂದು ದಾರಿ ತೋರಿದರು. ಪ್ರಶ್ನೆ ಹೇಗಿರಬೇಕು, ಗಂಡು ಹೆಣ್ಣಿಗೆ ಕೊಡುವ ಮೆಹರ್ ಹಣದ ಮಾತು ಅದರಲ್ಲಿ ಎಲ್ಲಿ ಬರಬೇಕು ಎಂದು ಬುಷ್ರಾಳಿಗೂ ನನಗೂ ಹೇಳಿಕೊಟ್ಟರು. ಅವತ್ತೆಲ್ಲ ನಾನು ಅದನ್ನು ಬರೆದು ಅಳಿಸಿ, ಅಳಿಸಿ ಬರೆದು, ಕೊನೆಗೆ ಅಕ್ಷರ ದುಂಡಗಾದ ಮೇಲೆ ಹಾಗೆಯೇ ಇಟ್ಟುಕೊಂಡೆ.

ಶಾದಿ ಮಹಲ್ಲಿನಲ್ಲಿ ನಮಗೆ ಕೊಟ್ಟ ರೂಮಿನಲ್ಲಿ ಇದ್ದದ್ದು ಒಂದೇ ಪ್ಲಗ್ಗು, ನೆಂಟರೆಲ್ಲ ಫೋನು ಹಿಡಿದುಕೊಂಡು ಅದರ ಸುತ್ತ ಸುಳಿಯುತ್ತಿದ್ದರು. ನಾನು ಎಲ್ಲರಿಗಿಂತ ಮೊದಲೇ ಹೋಗಿ ಸ್ಲೇಟಿನ ಪೀಠವನ್ನು ಅಲ್ಲಿ ಸಿಕ್ಕಿಸಿಟ್ಟಿದ್ದೆ. ಮೌಲ್ವಿ ಸಾಹೇಬರು ಕರೆದಾಗ ಅದನ್ನು ಎತ್ತಿಕೊಂಡು, ಇಬ್ಬರು ಸಾಕ್ಷಿಗಳ ಜೊತೆ, ದೊಡ್ಡಣ್ಣನನ್ನೂ ಕರೆದುಕೊಂಡು ಹೆಂಗಸರ ರೂಮಿಗೆ ಹೋದೆ. ಬುಷ್ರಾ ಕೆಂಪು ದುಪಟ್ಟಾ ಹೊದ್ದು ತಲೆ ತಗ್ಗಿಸಿ ಕೂತಿದ್ದಳು. ಪಕ್ಕದಲ್ಲಿ ಮೆಹರುನ್ನೀಸಾ. ನಾನು ಮಗಳ ಎದುರು ಮಂಡಿಯೂರಿ ಕೂತು ಸ್ಲೇಟನ್ನು ಅವಳ ಮುಂದೆ ಹಿಡಿದೆ. ಸಾಕ್ಷಿಗಳಿಗೆ ಅದರ ಬೆನ್ನು ಕಾಣುತ್ತಿತ್ತು.

ಅವಳು ದುಪಟ್ಟಾ ಸರಿಸಿ ತಲೆ ಎತ್ತಿದಳು. ಆಮೇಲೆ ಒಂದೊಂದೇ ಪದ ಬಿಡಿಸಿ, ಇಡೀ ರೂಮಿಗೆ ಕೇಳುವ ಹಾಗೆ ಓದಿದಳು:

"ಬುಷ್ರಾ, ಕಡೂರಿನ ಮುಬಶೀರ್ ಜೊತೆ, ಗೊತ್ತುಪಡಿಸಿದ ಮೆಹರ್‌ಗೆ, ನಿನ್ನ ನಿಕಾಹ್ ಮಾಡಿಕೊಡಲು ನಿನಗೆ ಒಪ್ಪಿಗೆ ಇದೆಯೇ?"

ಅಲ್ಲಿಗೆ ನಿಲ್ಲಲಿಲ್ಲ. ಇನ್ನೊಂದು ಸಾಲನ್ನು ನಮ್ಮ ಮನೆ ಮಾತಿನಲ್ಲಿ, ಮೆತ್ತಗೆ ಹೇಳಿದಳು. ಇಷ್ಟ ಇಲ್ಲದಿದ್ದರೆ ಈಗಲೂ ಹೇಳು ಮಗಳೇ, ನಾನಿದ್ದೇನೆ ಎಂದು ಅದರ ಅರ್ಥ. ಸಾಕ್ಷಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡಣ್ಣ ಕೆಮ್ಮಿದ. ಬುಷ್ರಾ ನನ್ನ ಮುಖವನ್ನೇ ನೋಡುತ್ತಾ, ಒಪ್ಪಿಗೆ ಇದೆ ಅಬ್ಬಾ ಎಂದಳು. ನಾನು ಅತ್ತೆ. ಗಂಟಲಿಲ್ಲದವನ ಅಳುವಿಗೆ ಸದ್ದಿರುವುದಿಲ್ಲ, ಅದೊಂದು ಅನುಕೂಲ.

ಹೊರಗೆ ಬಂದ ಮೇಲೆ ದೊಡ್ಡಣ್ಣ ನನ್ನ ತೋಳು ಹಿಡಿದು, ಆ ಕೊನೆಯ ಸಾಲನ್ನು ಯಾಕೆ ಬರೆದೆ, ಗಂಡಿನ ಕಡೆಯವರು ಏನಂದುಕೊಂಡಾರು ಎಂದು ಗದರಿಸಿದ. ಗದರಿಸುತ್ತಲೇ ಕಣ್ಣೊರೆಸಿಕೊಂಡ. ತನ್ನ ಮಗಳಿಗೆ ಹಾಗೆ ಕೇಳಬೇಕೆಂದು ತನಗೆ ಹೊಳೆದಿರಲಿಲ್ಲ ಎಂದು ಊಟಕ್ಕೆ ಕೂತಾಗ ನನ್ನ ಕಿವಿಯಲ್ಲಿ ಹೇಳಿದ. ಬಿರಿಯಾನಿ ಚೆನ್ನಾಗಿತ್ತು. ನಿನ್ನ ಮನೆಯಿಂದ ಬಂದ ಎಳನೀರನ್ನು ಗಂಡಿನ ಕಡೆಯವರು ಒಂದೂ ಉಳಿಸದೆ ಕುಡಿದರು.

ನಿಖಿತಾಳಿಗೆ ಹೇಳು, ಅವಳು ಅಟ್ಟಕ್ಕೆ ಎಸೆಯಬೇಕೆಂದಿದ್ದ ವಸ್ತು ತರೀಕೆರೆಯಲ್ಲಿ ಬಸ್ಸು ಬಿಡುತ್ತಿದೆ, ಮದುವೆಯನ್ನೂ ಮಾಡಿಸಿತು. ಅಂಥದ್ದು ಇನ್ನೊಂದು ಸಿಕ್ಕುತ್ತದೆಂದರೂ ನನಗೆ ಬೇಡ, ಇದೇ ಇರಲಿ. ಮುಂದಿನ ಶುಕ್ರವಾರ ನಮಾಜು ಮುಗಿಸಿ ನಾಗೇಶನ ಬಸ್ಸಿನಲ್ಲಿ ಹೊರಟು ನಿನ್ನಲ್ಲಿಗೆ ಬರುತ್ತೇನೆ. ಪ್ಲಾಸ್ಟರಿನ ಮೇಲೆ ಬರೆಯಲು ನನ್ನ ಹತ್ತಿರ ಒಳ್ಳೊಳ್ಳೆಯ ಮಾತುಗಳಿವೆ.

ಬಾಲ್ಯದಿಂದಲೂ ನಿನ್ನ ಜೊತೆ ಪೆಟ್ಟು ತಿಂದ ಗೆಳೆಯ,
ವಜೀರ್ ಸಾಬ್

ತಾ.ಕ.: ಈ ಭಾಗವನ್ನು ನಿಖಿತಾಳಿಗೆ ಓದಬೇಡ, ನೊಂದುಕೊಂಡಾಳು. ಸ್ಲೇಟನ್ನು ಬುಷ್ರಾಳ ಮುಂದೆ ಹಿಡಿದೆ ಎಂದು ಬರೆದೆನಲ್ಲ, ಹಿಡಿದ ಗಳಿಗೆಯಲ್ಲೇ ಅದು ಆರಿಹೋಯಿತು. ಯಾರೋ ನೆಂಟರು ಅದರ ವೈರು ಕಿತ್ತು ತಮ್ಮ ಫೋನು ಸಿಕ್ಕಿಸಿದ್ದರು, ನಾನು ಗಮನಿಸಿರಲಿಲ್ಲ. ಅವಳ ಮುಂದೆ ಇದ್ದದ್ದು ಬರೀ ಕಪ್ಪು ಗಾಜು. ಒಂದು ಅಕ್ಷರವೂ ಇರಲಿಲ್ಲ. ಎದ್ದು ಓಡಿಹೋಗಲೇ ಅನ್ನಿಸಿತು. ಅಷ್ಟರಲ್ಲಿ ಅವಳು ಓದತೊಡಗಿದಳು. ಪ್ರಶ್ನೆಯೇನೋ ಅವಳಿಗೆ ಬಾಯಿಪಾಠ ಇತ್ತು, ಅದು ಸರಿ. ಆದರೆ ಆ ಕೊನೆಯ ಸಾಲು? ಅದನ್ನು ನಾನು ಹಿಂದಿನ ದಿನ ಬರೆದು, ಅಣ್ಣನಿಗೆ ಬೇಜಾರಾದೀತೆಂದು ಆಗಲೇ ಅಳಿಸಿಬಿಟ್ಟಿದ್ದೆ. ಒಂದು ನರಪಿಳ್ಳೆಗೂ ತೋರಿಸಿರಲಿಲ್ಲ. ನಿನ್ನೆ ಕಡೂರಿಗೆ ಹೋದಾಗ, ಅದು ನಿನಗೆ ಹೇಗೆ ಗೊತ್ತಾಯಿತು ಎಂದು ಬರೆದು ಕೇಳಿದೆ. ಅವಳು ನಕ್ಕು, "ಸ್ಲೇಟ್ ಯಾರ್ ನೋಡಿದ್ರು ಅಬ್ಬಾ? ನಾನು ನಿಮ್ ತುಟಿ ನೋಡ್ತಿದ್ದೆ" ಎಂದಳು. ತುಟಿ ಅಲುಗಿದ್ದು ನನಗೇ ಗೊತ್ತಿರಲಿಲ್ಲ ಕಣೋ. ಒಂದಿಡೀ ವರ್ಷ ನನ್ನ ಮಾತನ್ನು ತಿದ್ದಿ ತಿದ್ದಿ ಜಗತ್ತಿಗೆ ಹೇಳಿದವಳು, ಅವತ್ತು ಒಂದು ಪದವನ್ನೂ ತಿದ್ದಲಿಲ್ಲ.