ಹುಣಸೆ ಕೊಂಬೆ ಇಳಿಸಿದ್ದು

ರೀ, ಫ್ಯಾಕ್ಟರಿ ಲಾರಿ ಓಡಾಡಕ್ಕೆ ಅಂತ ಕೋಡಿಹಳ್ಳಿ ರಸ್ತೆ ಅಗಲ ಮಾಡ್ತಾವ್ರೆ. ಇವತ್ತು ಸಿದ್ದಮ್ಮನ ಹೆಂಚಿನ ಮನೆ ಮ್ಯಾಲೆ ಬಾಗಿದ್ದ ಹುಣಸೆ ಕೊಂಬೆ ಕಡುದ್ರು. ಮರ ಹತ್ತಿದ್ದೋನು ಮತೀನ್. ಕೆಳಗೆ ಇಬ್ಬರು ಕೊಂಬೆಗೆ ಕಟ್ಟಿದ್ದ ಹಗ್ಗನ ಬರಿಗೈಲಿ ಹಿಡ್ಕಂಡು ನಿಂತಿದ್ರು. "ಕೊಂಬೆ ಇಳುಸ್ತೀರೋ, ಹೆಣ ಇಳುಸ್ತೀರೋ?" ಅಂತ ಬೈದು ಹಗ್ಗ ಕಿತ್ಕಂಡೆ. ನೀವು ಹೇಳ್ಕೊಟ್ಟಂಗೆ ಮರದ ಬುಡಕ್ಕೆ ಮೂರು ಸುತ್ತು ಹಾಕಿ, ಒಸಿ ಒಸೀನೇ ಸಡಿಲ ಬುಟ್ಟೆ. ಒಂದು ಹೆಂಚೂ ಒಡೀಲಿಲ್ಲ.

ನೀವು ಮರ ಹತ್ತಿದಾಗೆಲ್ಲ ಕೆಳಗೆ ಹಗ್ಗ ಹಿಡೀತಿದ್ದೋಳು ನಾನೇ. ಕೊಂಬೆ ಜೋಲಿ ಹೊಡೆದು ನಿಮ್ಮನ್ನ ಕೆಡವಿ ಜೀವ ತಗಂಡ ಮ್ಯಾಲೆ ನಾನು ಹಗ್ಗ ಮುಟ್ಟಿದ್ದು ಇವತ್ತೇ.

ಮತೀನ್ ಇಳಿದು ಬಂದು, "ಅಕ್ಕಾ, ನಾಳೆನೂ ಬನ್ನಿ. ಕೆಳಗೆ ನೀವಿದ್ರೆ ಮ್ಯಾಲಿರೋನಿಗೆ ಭಯ ಇರಲ್ಲ" ಅಂದ.

ಹೂಂ ಅಂದೆ. ನೀವು ಬಿದ್ದ ದಿನ ನಾನು ಮಾಗಡೀಲಿ, ತಂಗಿ ಮನೆ ನಾಮಕರಣದಲ್ಲಿ ಹೋಳಿಗೆ ಬಡುಸ್ತಿದ್ದದ್ದು ಅವನಿಗೆ ಗೊತ್ತಿಲ್ಲ.