ಮೂರನೆಯವರ ಹಿಂದೆ

ಪ್ರೀತಿಯ ಅಪ್ಪ,

ಚಿಕ್ಕಪ್ಪನ ಮನೆಯಲ್ಲಿ ನೀನೂ ಅಮ್ಮನೂ ಹಾಯಾಗಿದ್ದೀರಿ ತಾನೆ? ಇಲ್ಲಿ ನಿನ್ನ ಫ್ರೇಮಿನಂಗಡಿ ನಡೆಯುತ್ತಿದೆ.

ಹೊಸ ನಾಯಕರ ಪಟ ಹಾಕಲು ನಿನ್ನೆ ನಾನು ಓದಿದ ಶಾಲೆಗೇ ಹೋಗಿ ಹಳೆಯ ಫ್ರೇಮು ಬಿಚ್ಚಿದೆ. ಗಾಜು ಅಲುಗಾಡದಿರಲೆಂದು ಹಳೆಯ ಪಟದ ಮೇಲೆಯೇ ಹೊಸದನ್ನು ಕೂರಿಸುವುದು ನಿನ್ನ ಪದ್ಧತಿಯಲ್ಲವೇ? ಒಳಗೆ ಐವರು ನಾಯಕರಿದ್ದರು, ಒಬ್ಬರ ಬೆನ್ನಿಗೊಬ್ಬರು! "ಯಾರು ಬಂದ್ರೂ ಅಷ್ಟೇ ಕಣಮ್ಮ, ಮೊಳೆ ಅದೇ, ಗೋಡೆ ಅದೇ" ಅನ್ನುತ್ತಿದ್ದೆಯಲ್ಲ, ನೆನೆದು ನಗು ಬಂತು.

ಮೂರನೆಯವರ ಮುಖ ಕಂಡಾಗ ಮಾತ್ರ ಕೈ ನಿಂತಿತು. ಹೆಣ್ಣುಮಕ್ಕಳನ್ನೂ ಶಾಲೆಗೆ ಸೇರಿಸಿಕೊಳ್ಳಿ ಎಂದು ಆದೇಶ ಹೊರಡಿಸಿದವರು ಅವರೇ. ಅವರಿಲ್ಲದಿದ್ದರೆ ಈ ಪತ್ರ ಬರೆಯಲು ನನಗೆ ಬರುತ್ತಿತ್ತೇ? ಆದರೆ ಆದೇಶ ಬಂದು ಎರಡು ವರ್ಷವಾದರೂ ಹೆಡ್‌ಮಾಸ್ತರರು ಜಗ್ಗಿರಲಿಲ್ಲ. ಅಮ್ಮ ನನ್ನ ಕೈ ಹಿಡಿದು ಹನ್ನೊಂದು ದಿನ ಅವರ ಬಾಗಿಲಲ್ಲಿ ಕೂತ ಮೇಲೆಯೇ ನನ್ನನ್ನು ಸೇರಿಸಿಕೊಂಡಿದ್ದು. ಹಾಗಾದರೆ ಬದಲಾಯಿಸಿದ್ದು ಯಾರು? ಆದೇಶವೇ ಇಲ್ಲದಿದ್ದರೆ ಅಮ್ಮ ಯಾವ ಧೈರ್ಯದ ಮೇಲೆ ಕೂರುತ್ತಿದ್ದಳು? ನಿನ್ನೆಯಿಂದ ತಲೆ ಕೆಡಿಸಿಕೊಂಡಿದ್ದೇನೆ, ನೀನಾದರೂ ಹೇಳು.

ಅಮ್ಮನದೊಂದು ಫೋಟೊ ಕಳಿಸು. ಅದೇ ಅಳತೆಗೆ ದೊಡ್ಡದು ಮಾಡಿಸಿ ಮೂರನೆಯವರ ಹಿಂದೆ ಇಡುತ್ತೇನೆ. ಯಾಕೆಂದು ಅವಳಿಗೆ ಹೇಳಬೇಡ, ಬೈಯುತ್ತಾಳೆ. ಕೇಳಿದರೆ, ಗಾಜು ಇನ್ನೂ ಅಲುಗಾಡುತ್ತಿದೆಯಂತೆ ಅನ್ನು.

ನಿನ್ನ ಸುತ್ತಿಗೆ ಹಿಡಿದಿರುವ
ಮಗಳು